ರೊಟ್ಟಿ ದಾಟುವಷ್ಟು ಓಣಿ

"ಏ ಗವಿಸಿದ್ದ, ಎದ್ದು ನಿಂದ್ರು. ಕೂತು ಕೇಳೋ ಮಾತಲ್ಲ ಇದು."

ಎದುರು ಮನೆಯ ತುಳಜವ್ವ ಹೀಗೆ ಅಂದಾಗ ನಾನು ನಗುತ್ತಲೇ ಎದ್ದೆ. ಹಳೇ ಕಾಳುಪೇಟೆಯ ತಗಡಿನ ಚಪ್ಪರದಡಿ ಊರೆಲ್ಲ ಕೂತಿತ್ತು. ಊರಿನ ನೀರಿನ ಕೆಲಸಕ್ಕೆಂದು ಬಂದ ಮೃದುಲಾ ಮೇಡಂ ಗೋಡೆಗೆ ತಮ್ಮ ನಕ್ಷೆಯನ್ನು ಅಂಟಿಸಿದ್ದರು. ತುಳಜವ್ವ ಏನೋ ಚೇಷ್ಟೆ ಮಾಡುತ್ತಾಳೆ, ಎಲ್ಲರನ್ನೂ ನಗಿಸಿ ಕೂರುತ್ತಾಳೆ ಅಂದುಕೊಂಡೆ. ಅವಳು ನನ್ನ ಕಡೆ ನೋಡಲಿಲ್ಲ. ಸೆರಗು ಬಿಗಿ ಮಾಡಿಕೊಂಡು ಊರಿನ ಕಡೆ ತಿರುಗಿದಳು.

"ಎಲ್ಲಾರೂ ಕೇಳ್ರಿ. ಈ ಮಗನಿಗೆ ಇವನವ್ವ ಸತ್ತಾಗಿಂದ ನಾನು ರೊಟ್ಟಿ ಕೊಡಾಕತ್ತೀನಿ. ಪ್ರೀತಿಗಲ್ಲ. ಬಾಗಲಾಗ ನಾಯಿ ಬಿದ್ದಿದ್ರ ಬೊಗಳಬಾರದಂತ ಒಂದು ತುಂಡು ಒಗೀತೀವಲ್ಲ, ಹಂಗ ಒಗದೀನಿ. ಇವನ ಮಾರಿ ಕಿಟಕ್ಯಾಗ ಕಂಡರ ಸಾಕು, ನನ್ನ ಹೊಟ್ಯಾಗ ಹುಣಸಿಹಣ್ಣು ಕಿವುಚಿದಂಗ ಆಗ್ತಿತ್ತು. ಸಾಯೋ ಮುಂದ ಇವನವ್ವ ನನ್ನ ಕೈ ಹಿಡದು, ನನ್ನ ಮಗನ್ನ ನೋಡ್ಕೋ ಅಂದ್ಳು. ಹೂಂ ಅಂದುಬಿಟ್ಟೆ. ಆ ಹೂಂ ಅಂದ ನಾಲಿಗಿ ಇವತ್ತಿಗೂ ಕಚ್ಕೋತೀನಿ."

ಯಾರೂ ನಗಲಿಲ್ಲ. ನನ್ನ ಮುಖದ ಮೇಲೆ ನಗು ಇನ್ನೂ ಹಾಗೇ ಇತ್ತು. ಅದನ್ನು ತೆಗೆಯಬೇಕು ಅನ್ನುವುದು ನನಗೆ ಹೊಳೆಯಲಿಲ್ಲ. ಆಗ ಆ ಸದ್ದು ಬಂತು. ತುಂಬಿದ ಕಣಜವನ್ನು ಯಾರೋ ಕಲ್ಲುನೆಲದ ಮೇಲೆ ಎಳೆದಂಥ ಸದ್ದು. ನಮ್ಮ ಊರಿನಲ್ಲಿ ತೊಟ್ಟಿಲ ಕೂಸಿಗೂ ಆ ಸದ್ದು ಗೊತ್ತು. ಅದು ನಿಲ್ಲಲಿಲ್ಲ, ಬರುತ್ತಲೇ ಇತ್ತು. ಚಪ್ಪರದ ತಗಡು ನಡುಗಿತು. ಹಿಂದಿನ ಓಣಿಯ ಹುಚ್ಚೀರಜ್ಜ ಎದ್ದು, "ಅಯ್ಯಯ್ಯೋ, ನಮ್ಮ ಓಣಿ ಬಾಯಿ ತೆಗೀತು!" ಅಂದ. ಕೂತವರೆಲ್ಲ ಚಪ್ಪಲಿ ಹುಡುಕದೆ ಅತ್ತ ಓಡಿದರು. ತುಳಜವ್ವ ಅವರ ಹಿಂದೆ ನಿಧಾನಕ್ಕೆ ಹೋದಳು. ಚಪ್ಪರದಡಿ ಉಳಿದದ್ದು ನಾನು, ನಕ್ಷೆ, ಮತ್ತು ಕೈಯಲ್ಲಿ ಸೀಮೆಸುಣ್ಣ ಹಿಡಿದು ನೆಲ ನೋಡುತ್ತಿದ್ದ ಮೃದುಲಾ ಮೇಡಂ.

ನಮ್ಮ ಊರಿನಲ್ಲಿ ಮನೆಗಳು ನಿಂತಲ್ಲಿ ನಿಲ್ಲುವುದಿಲ್ಲ. ಮನಸ್ಸು ಸರಿದಷ್ಟು ಮನೆ ಸರಿಯುತ್ತದೆ. ಎದುರುಬದುರು ಮನೆಯವರು ಚೆನ್ನಾಗಿದ್ದರೆ ನಡುವಿನ ಓಣಿ ಕಿರಿದಾಗುತ್ತದೆ, ಕೆಟ್ಟರೆ ಅಗಲವಾಗುತ್ತದೆ. ಬೇರೆ ಊರಿನವರು ಇದನ್ನು ಕೇಳಿ ಕಣ್ಣು ಬಿಡುತ್ತಾರೆ. ನಮಗೆ ಇದರ ಮೇಲೆ ಕಣ್ಣು ಬಿಡಲು ಪುರುಸೊತ್ತಿಲ್ಲ. ದಿಬ್ಬಣ ಬರಬೇಕು, ಹೆಣ ಹೋಗಬೇಕು, ನೀರಿನ ಟ್ಯಾಂಕರ್ ಒಳಗೆ ನುಗ್ಗಬೇಕು. ಅದಕ್ಕೆಲ್ಲ ಜಾಗ ಬೇಕೆಂದರೆ ಜಗಳ ಬೇಕು. ಹಾಗಾಗಿ ನಮ್ಮ ಕಡೆ ಮದುವೆಯಾಗಿ ಬಂದ ಸೊಸೆಗೆ ಅತ್ತೆ ಮೊದಲು ಹೇಳಿಕೊಡುವುದು ಅಡುಗೆಯಲ್ಲ. "ಎದುರು ಮನಿಯಾಕಿ ಮ್ಯಾಲೆ ಸಿಟ್ಟು ಬಂದ್ರ ಎಲ್ಲಾ ಒಮ್ಮೆಗೇ ಉಗುಳಬ್ಯಾಡ, ಒಂದು ಮಾತು ಉಳಿಸ್ಕೋ" ಅನ್ನುತ್ತಾಳೆ. ಉಪ್ಪಿನಕಾಯಿ ಭರಣಿಯಂತೆ ಪ್ರತಿ ಮನೆಯಲ್ಲೂ ಒಂದೊಂದು ನಿಜವಾದ ನೋವು ಮುಚ್ಚಿಟ್ಟಿರುತ್ತದೆ. ಆಡಬೇಕಾದ ದಿನ ಆಡುತ್ತಾರೆ. ಆಡಿದವರ ಮನೆಯೂ ಅಸಹ್ಯದಿಂದ ಹಿಂದೆ ಸರಿಯುತ್ತದೆ, ಆಡಿಸಿಕೊಂಡವರ ಮನೆಯೂ ನೋವಿನಿಂದ ಹಿಂದೆ ಸರಿಯುತ್ತದೆ. ಗಾಡಿ ಹೋಗುತ್ತದೆ. ಆಮೇಲೆ ಆಡಿಸಿಕೊಂಡವರು ತಮ್ಮ ಉತ್ತರ ಕೊಟ್ಟು ಸಿಟ್ಟು ಕಳೆದುಕೊಳ್ಳುತ್ತಾರೆ, ಎರಡೂ ಮನೆಯವರು ಒಂದೇ ಪಾತ್ರೆಯ ಚಹಾ ಕುಡಿಯುತ್ತಾರೆ, ಗೋಡೆಗಳು ಮೆಲ್ಲಗೆ ವಾಪಸು ಬರುತ್ತವೆ. ಉತ್ತರ ಕೊಡದಿದ್ದರೆ ಬರುವುದಿಲ್ಲ. ಕುಂಬಾರ ಓಣಿಯಲ್ಲಿ ಅಕ್ಕ ಅಂದ ಮಾತಿಗೆ ತಂಗಿ ಇವತ್ತಿನವರೆಗೆ ತುಟಿ ಬಿಚ್ಚಿಲ್ಲ. ಇಡೀ ಊರಿನ ಕ್ರಿಕೆಟ್ ಮೈದಾನ ಅದೇ.

ನಾಟಕದ ಬೈಗುಳ ನಡೆಯುವುದಿಲ್ಲ. ಒಮ್ಮೆ ಎದುರುಬದುರು ಮನೆಯ ಭಾವ-ಮೈದುನರು ಒಂದು ಫ್ರಿಜ್ ಒಳಗೆ ತರಲು ಬೆಳಗಿನಿಂದ ಗಂಟಲು ಹರಿಯುವಂತೆ ಬೈದಾಡಿದರು. ಕಳ್ಳ, ಕುಡುಕ, ಹಡಬೆ ಅಂತ ಹೊಸ ಹೊಸದಾಗಿ ಕಟ್ಟಿ ಬೈದರು. ಗೋಡೆ ಬೆರಳಷ್ಟೂ ಅಲ್ಲಾಡಲಿಲ್ಲ. ಸಾಕಾಗಿ ಇಬ್ಬರೂ ಫ್ರಿಜ್‌ಗೆ ಬೆನ್ನು ಕೊಟ್ಟು ಕೂತಾಗ ಮೈದುನ ಬೀಡಿ ಹಚ್ಚುತ್ತ ಮೆಲ್ಲಗೆ, "ನಿಮ್ಮಪ್ಪ ಸತ್ತಾಗ ನೀ ಅಳಲಿಲ್ಲ, ನಾ ನೋಡೀನಿ" ಅಂದ. ಅವತ್ತು ಫ್ರಿಜ್ ಜೊತೆ ಒಂದು ದೊಡ್ಡ ಕಪಾಟೂ ಒಳಗೆ ಹೋಯಿತು. ಅದಕ್ಕೇ ನಮ್ಮೂರವರು, ಗೋಡೆಗೆ ಸುಳ್ಳು ಗೊತ್ತಿಲ್ಲ ಅನ್ನುವುದು.

ನಾನು ಆ ಟ್ಯಾಂಕರ್ ಓಡಿಸುವವನು. ಅವ್ವ ಹೋದ ವರ್ಷವೇ ಶಾಲೆ ಬಿಟ್ಟೆ. ಆಗಿನಿಂದ ಟ್ರ್ಯಾಕ್ಟರ್ ಸೀಟಿನ ಮೇಲೆ ಕೂತು ಊರಿನ ಎಲ್ಲ ಓಣಿಗಳ ಎಲ್ಲ ನಿಜಗಳನ್ನೂ ಕೇಳಿದ್ದೇನೆ. ನಾನು ಹಾರನ್ ಹೊಡೆಯಬೇಕು, ಅವರು ಬಾಗಿಲಿಗೆ ಬಂದು ಒಬ್ಬರ ಎದೆಗೆ ಒಬ್ಬರು ಚುಚ್ಚಬೇಕು, ಜಾಗ ಆಗಬೇಕು, ನಾನು ಒಳಗೆ ಹೋಗಬೇಕು. ಹೆಂಗಸರು ಅಳುತ್ತಲೇ ಪೈಪಿಗೆ ಕೊಡ ಹಿಡಿಯುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಅನ್ನುತ್ತಾರೆ. ದಿನಾ ಇದನ್ನು ಕೇಳಿದವನಿಗೆ ಇನ್ನೇನು ಇರಬೇಕಿತ್ತು?

ಹೀಗೆ ಎಲ್ಲ ಓಣಿ ಹೊಕ್ಕು ಬರುವ ನನ್ನ ಟ್ಯಾಂಕರ್ ಹೋಗಲಾಗದ ಜಾಗ ಒಂದೇ ಇತ್ತು, ನನ್ನ ಮನೆಯ ಮುಂದಿನದು. ನನ್ನ ಮನೆಗೂ ತುಳಜವ್ವನ ಮನೆಗೂ ನಡುವೆ ಇದ್ದದ್ದು ಒಂದು ಮೊಳ. ತುಳಜವ್ವ ಕೌದಿ ಹೊಲಿಯುವಾಕೆ, ಗಂಡ ಮಕ್ಕಳು ಇಲ್ಲ. ಅವಳ ಅಡುಗೆಮನೆ ಕಿಟಕಿಯಿಂದ ಕೈ ಚಾಚಿದರೆ ರೊಟ್ಟಿ ನನ್ನ ಕಿಟಕಿಯೊಳಗೆ ಬರುತ್ತಿತ್ತು. ಕೆಲವೊಮ್ಮೆ ರೊಟ್ಟಿಯ ಮೇಲೆ ಶೇಂಗಾ ಚಟ್ನಿಯ ಹಿಂಡಿ, ಕೆಲವೊಮ್ಮೆ ಬರೇ ಕೈ ಬಂದು ನನ್ನ ಜುಟ್ಟು ಹಿಡಿದು ಜಗ್ಗುತ್ತಿತ್ತು. ಊರಿನಲ್ಲಿ ಅಷ್ಟು ಕಿರಿದು ಓಣಿ ಇನ್ನೊಂದಿರಲಿಲ್ಲ. ಅದು ನನಗೆ ಹೆಮ್ಮೆಯಾಗಿತ್ತು.

ಆದರೆ ನಮ್ಮಿಬ್ಬರ ಮನೆಯ ಹಿಂದೆ ಇನ್ನೊಂದು ಓಣಿ ಇತ್ತು, ಮತ್ತು ಅದಕ್ಕೆ ದಾರಿ ನಮ್ಮ ನಡುವಿನ ಆ ಒಂದು ಮೊಳವೇ. ಹಿಂದಿನ ಓಣಿಯವರು ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನಡೆದು ಬರುತ್ತಿದ್ದರು. ಕೊಡಗಳನ್ನು ತಲೆ ಮೇಲೆ ಕೈಯೆತ್ತಿ ದಾಟಿಸುತ್ತಿದ್ದರು. ಹೆಣಗಳನ್ನು ಮಾಳಿಗೆಯ ಮೇಲಿಂದ ಹಗ್ಗ ಕಟ್ಟಿ ಇಳಿಸುತ್ತಿದ್ದರು. ಚಿಂಚಲೆವ್ವ ಅನ್ನುವ ಮುದುಕಿ ಮೈ ತುಂಬಿಕೊಂಡ ಮೇಲೆ ಹೊರಗೆ ಬಂದೇ ಇರಲಿಲ್ಲ. "ನಿಮ್ಮಿಬ್ಬರ ಅಕ್ಕರೆ ನಮ್ಮ ಕುತ್ತಿಗಿಗೆ ಬಂತಲ್ಲೋ ಗವಿಯಾ" ಎಂದು ಹುಚ್ಚೀರಜ್ಜ ನಗುತ್ತಲೇ ಹೇಳುತ್ತಿದ್ದ. ನಾವೂ ಜಗಳ ಮಾಡಿ ನೋಡಿದ್ದೆವು. ನಾನು ಕಿಟಕಿಯಲ್ಲಿ ನಿಂತು, "ಮುದಿ ಗೂಬಿ" ಅಂದೆ. ಅವಳು, "ಹಲ್ಲುಬ್ಬ" ಅಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಗೋಡೆಗಳು ಇನ್ನೂ ನಾಲ್ಕು ಬೆರಳು ಹತ್ತಿರ ಬಂದವು. ಆ ಹೊತ್ತಿಗೆ ಕೊಡ ಹೊತ್ತು ನಡುವೆ ಬರುತ್ತಿದ್ದ ಹೆಂಗಸು ಸಿಕ್ಕಿಕೊಂಡಳು. ಎಣ್ಣೆ ಹಚ್ಚಿ ಎಳೆಯಬೇಕಾಯಿತು. ಅವಳು ನಮ್ಮಿಬ್ಬರಿಗೂ ಬೈದದ್ದು ಮಾತ್ರ ಖರೇ ಬೈಗುಳ. ಆದರೆ ಅವಳ ಮನೆ ನಮ್ಮೆದುರಿಗೆ ಇರಲಿಲ್ಲವಲ್ಲ.

ಇಂಥ ಊರಿಗೆ ಮೃದುಲಾ ಮೇಡಂ ಬಂದರು. ವಾಸ್ತುಶಿಲ್ಪಿ. ವಾಸ್ತು ಅಂದ ಕೂಡಲೇ ಒಂದಷ್ಟು ಜನ ಅಡುಗೆಮನೆ ಯಾವ ಮೂಲೆಗಿರಬೇಕು ಎಂದು ಕೇಳಲು ಹೋಗಿ ಪೆಚ್ಚಾಗಿ ಬಂದರು. ಅವರ ತಂಡ ರಾಜ್ಯದ ಊರೂರಿಗೆ ಹೋಗುತ್ತದಂತೆ, ಒಂದೊಂದು ಊರಿನಲ್ಲಿ ಕೆಲವು ತಿಂಗಳು ಇರುತ್ತದಂತೆ. ಸಮುದ್ರದ ಕಡೆಯ ಒಂದು ಊರಿನಲ್ಲಿ ಉಬ್ಬರದ ನೀರು ಅಡಿಯಿಂದ ಹಾದುಹೋಗುವಂತೆ ಬೀದಿಯನ್ನೇ ಎತ್ತರಿಸಿದರಂತೆ. ಬಿಸಿಲಿಗೆ ಜನ ಸಾಯುತ್ತಿದ್ದ ಇನ್ನೊಂದು ಊರಿನಲ್ಲಿ ಪಡುವಣದ ಗೋಡೆಗಳಿಗೆಲ್ಲ ಬಳ್ಳಿ ಹಬ್ಬಿಸಿ, ಸಂತೆಯ ದಾರಿಗೆ ನೆರಳು ಹೊಲಿದರಂತೆ. ಹೊಲಿದರು ಅನ್ನುವ ಮಾತು ಅವರದೇ. ತುಳಜವ್ವನಿಗೆ ಅವರು ಹಿಡಿಸಿದ್ದು ಆ ಒಂದು ಮಾತಿಗೆ.

ಬಂದ ಹೊಸತರಲ್ಲಿ ಅವರು ಟೇಪು ಹಿಡಿದು ಓಣಿಗಳನ್ನು ಅಳೆದರು. ಬೆಳಿಗ್ಗೆ ಅಳೆದದ್ದು ಸಂಜೆಗೆ ಹೊಂದುತ್ತಿರಲಿಲ್ಲ. ನಾವು ಕಟ್ಟೆಯ ಮೇಲೆ ಕೂತು ನಕ್ಕೆವು. ಅವರು ಸಿಟ್ಟಾಗಲಿಲ್ಲ. ಟೇಪು ಸುತ್ತಿಟ್ಟು ನಮ್ಮ ಜೊತೆಗೇ ಬಂದು ಕೂತರು. "ಮನೆ ಕಟ್ಟೋದು ಏನು ಮಹಾ. ಎರಡು ಮನೆ ನಡುವಿನ ಜಾಗ ಕಟ್ಟೋದೇ ಕಷ್ಟ" ಅಂದರು. ಆಮೇಲೆ ಮನೆ ಮನೆಗೆ ಹೋಗಿ ಕೇಳಿದರು. ಕಣ್ಣಿಲ್ಲದ ಪಂಪಣ್ಣನ ಕೈ ಹಿಡಿದು, ಮಧ್ಯಾಹ್ನ ಯಾವ ಗೋಡೆ ಸುಡುತ್ತದೆ ಎಂದು ಅವನಿಂದ ಮುಟ್ಟಿಸಿ ತಿಳಿದುಕೊಂಡರು. ಹೆಂಗಸರು ಸಂಜೆ ಎಲ್ಲಿ ಕೂರಲು ಹೆದರುತ್ತಾರೆ ಎಂದು ಕೇಳಿದರು. ನನ್ನ ಟ್ಯಾಂಕರ್‌ನ ಮೇಲೂ ಒಂದು ದಿನ ಕೂತು ಊರು ಸುತ್ತಿದರು. ಓಣಿ ಓಣಿಯ ಬೈಗುಳ ಕೇಳಿ ಅವರ ಮುಖ ಬಿಳಿಚಿಕೊಂಡಿತ್ತು. "ಒಂದು ಕೊಡ ನೀರಿಗೆ ಇಷ್ಟು ಕೊಡಬೇಕಾ ಇವರು?" ಅಂದರು. ಇಳಿಯುವಾಗ ನನ್ನ ಕೈ ಕುಲುಕಿದರು. "ನೋಡು ಗವಿಸಿದ್ದ, ನಾನು ಆ ಜಾಗದವರನ್ನು ಕೇಳದೆ ಒಂದು ಗೆರೇನೂ ಎಳೆಯಲ್ಲ" ಅಂದರು. ಓದಿದವರಲ್ಲಿ ನನ್ನ ಕೈ ಕುಲುಕಿದ ಮೊದಲಿಗರು ಅವರು. ಈ ಮಾತನ್ನು ನಾನು ತುಳಜವ್ವನಿಗೆ ಕಿಟಕಿಯಲ್ಲಿ ನಿಂತು ಮೂರು ಸಲ ಹೇಳಿರಬೇಕು.

ನಕ್ಷೆ ಚೆನ್ನಾಗಿತ್ತು. ನನ್ನಂಥವನಿಗೂ ತಿಳಿಯುವಂತಿತ್ತು. ಎಲ್ಲ ಮಾಳಿಗೆಗಳ ಮಳೆನೀರು ಕಾಳುಪೇಟೆಯ ಕೆಳಗೆ ಒಂದು ದೊಡ್ಡ ತೊಟ್ಟಿಗೆ ಬರುತ್ತದೆ. ಅಲ್ಲಿಂದ ಪ್ರತಿ ಓಣಿಗೂ ನಲ್ಲಿ. ಬಳಸಿದ ನೀರು ಇಳಿಜಾರು ಹಿಡಿದು ಊರ ಹೊರಗಿನ ಬಾಳೆ ತೋಟಕ್ಕೆ ಹೋಗುತ್ತದೆ. ಟ್ಯಾಂಕರ್ ಬೇಡ. ಟ್ಯಾಂಕರ್ ಬೇಡವಾದರೆ ಬೈಗುಳ ಬೇಡ; ಹೆಚ್ಚಿನ ಓಣಿಗಳು ಕಿರಿದಾಗಿ, ತಂಪಾಗಿ, ನೆರಳಾಗಿ ಇರಬಹುದು. ನನ್ನ ಕೆಲಸ ಹೋಗುತ್ತದೆ ಎಂದು ಗೆಳೆಯ ಬಾಳೇಶ ಕೆಣಕಿದ. ಹೋಗಲಿ ಅಂದೆ. ತೊಟ್ಟಿಯ ಪಂಪು ನೋಡಿಕೊಳ್ಳಲು ಒಬ್ಬ ಬೇಕು ಎಂದು ಮೇಡಂ ಆಗಲೇ ಹೇಳಿದ್ದರು.

ತೊಡಕು ಒಂದೇ. ಊರಿನ ಇಳಿಜಾರು ಮುಗಿಯುವುದು ಹಿಂದಿನ ಓಣಿಯಲ್ಲಿ. ಊರಿನ ನೀರೆಲ್ಲ ಹೊರಹೋಗಬೇಕಾದ ದೊಡ್ಡ ಪೈಪು ನನ್ನ ಮನೆಗೂ ತುಳಜವ್ವನ ಮನೆಗೂ ನಡುವೆ ನೆಲದೊಳಗೆ ಹಾಯಬೇಕು. ಅಗೆಯುವ ಯಂತ್ರ ಅಲ್ಲಿ ಹೊಗಬೇಕು, ಕೆಲಸ ಮುಗಿಯುವವರೆಗೆ ಓಣಿ ಅಗಲವಾಗಿಯೇ ಇರಬೇಕು. "ಈ ಒಂದು ಜಾಗ ಆಗದಿದ್ದರೆ ಇಡೀ ಊರಿಂದೇ ಆಗಲ್ಲ. ನಮ್ಮ ತಂಡ ಮುಂದಿನ ಊರಿಗೆ ಹೋಗಬೇಕಾಗುತ್ತೆ" ಎಂದು ಮೇಡಂ ಅವತ್ತು ಚಪ್ಪರದಡಿ ಹೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎದೆಯುಬ್ಬಿಸಿಯೇ, "ನಾ ಏನ್ ಮಾಡ್ಲಿ ಮೇಡಂ, ನಮ್ಮಿಬ್ಬರ ನಡುವ ಬೈಯಾಕ ಒಂದು ಮಾತೂ ಉಳಿದಿಲ್ಲ" ಅಂದೆ. ಊರು ನಕ್ಕಿತು. ಆಗಲೇ ತುಳಜವ್ವ ಎದ್ದು ನಿಂತದ್ದು.

ಅವತ್ತಿನಿಂದ ನಾನು ಮನೆಗೆ ಹೋಗಲಿಲ್ಲ. ಟ್ಯಾಂಕರ್ ನಿಲ್ಲಿಸುವ ಬಾವಿಯ ಹತ್ತಿರವೇ ಬಿದ್ದುಕೊಂಡೆ. ಸಿಟ್ಟು ಬರಬೇಕಿತ್ತು. ನನಗೆ ಸಿಟ್ಟು ಬರದ ದಿನವೇ ಇರಲಿಲ್ಲ. ಆದರೆ ಬರಲಿಲ್ಲ. ಹೋಟೆಲಿನಲ್ಲಿ ರೊಟ್ಟಿ ತಂದಿಟ್ಟರೆ ನೋಡುತ್ತ ಕೂರುತ್ತಿದ್ದೆ. ಅವಳು ಕೊಟ್ಟ ಒಂದೊಂದು ರೊಟ್ಟಿಯನ್ನೂ ನೆನಪಿನಿಂದ ಹೊರತೆಗೆದು ತಿರುಗಿಸಿ ನೋಡಿದೆ. ಕೊಡುವಾಗ ಮುಖ ಅತ್ತ ತಿರುಗಿಸಿದ್ದಳೇ? ಜುಟ್ಟು ಜಗ್ಗಿದ್ದು ಅಕ್ಕರೆಗೋ, ಹೇಸಿಗೆಗೋ? ಜ್ವರ ಬಂದಾಗ ನನ್ನ ಹಣೆಗೆ ಒದ್ದೆ ಬಟ್ಟೆ ಇಟ್ಟ ಕೈ ಏನು ಅಂದುಕೊಳ್ಳುತ್ತಿತ್ತು? ಅವಳು ಸುಳ್ಳಾಡಿದಳು ಎಂದು ಒಂದು ಸಲ ಮನಸ್ಸು ಹೇಳುತ್ತಿತ್ತು. ತಕ್ಷಣ ಆ ಕಣಜ ಎಳೆದ ಸದ್ದು ಕಿವಿಯೊಳಗೆ ಕೇಳುತ್ತಿತ್ತು. ಗೋಡೆಗೆ ಸುಳ್ಳು ಗೊತ್ತಿಲ್ಲ.

ಬಾಳೇಶ ದಿನಾ ಬಂದು ಕಿವಿ ಊದುತ್ತಿದ್ದ. "ಉತ್ತರ ಕೊಡಲೇ. ಊರ ಮುಂದ ನಾಯಿ ಅನಿಸ್ಕೊಂಡು ಸುಮ್ಮನ ಕುಂತೀಯಲ್ಲ. ನಿನ್ನ ಹತ್ರ ಒಂದಾದ್ರೂ ಇರಬೇಕಲ್ಲ ಅಕಿ ಮ್ಯಾಲ?"

"ಐತಿ" ಅಂದೆ.

"ಮತ್ತ ಹೇಳು! ಇಟ್ಕೊಂಡು ಉಪ್ಪ ಹಚ್ತಿಯೇನು?"

ಇತ್ತು. ಅವ್ವ ಕೊನೆಯುಸಿರು ಎಳೆಯುವ ದಿನ ಬೆಳಗಿನಿಂದ ತುಳಜವ್ವನನ್ನು ಕರೆಯುತ್ತಿದ್ದಳು. ತುಳಜವ್ವ ಯಾರದೋ ಮದುವೆಯ ಕೌದಿ ಮುಗಿಸಿ, ಸೂಜಿ ಚುಚ್ಚಿಟ್ಟು, ಮಧ್ಯಾಹ್ನ ಬಂದಳು. ಬಂದಾಗ ಅವ್ವನಿಗೆ ಮಾತು ಅರ್ಧ ಹೋಗಿತ್ತು. ಇದನ್ನು ನಾನು ಯಾರಿಗೂ ಆಡಿರಲಿಲ್ಲ. ಆಡಿದರೆ ಅವಳ ಎದೆ ಒಡೆಯುತ್ತದೆ ಎಂದು ಗೊತ್ತಿತ್ತು. ಒಡೆಯಲಿ ಅನ್ನಿಸತೊಡಗಿತು.

ಬಾಳೇಶ ಹೋದ ಮೇಲೆ ಹುಚ್ಚೀರಜ್ಜ ಬರುತ್ತಿದ್ದ. ಬಾವಿಕಟ್ಟೆಗೆ ಕೂತು, ಟವೆಲಿನಿಂದ ನನ್ನ ಟ್ಯಾಂಕರ್‌ನ ಧೂಳು ಒರೆಸುತ್ತಿದ್ದ. ಕಡೆಗೆ, "ತಮ್ಮಾ, ಉತ್ತರ ಕೊಡೋದು ನಿನ್ನ ಹಕ್ಕೈತಿ. ಆದ್ರ ಕೊಟ್ರ ಓಣಿ ಮುಚ್ಚತೈತಿ. ಪೈಪು ಅರ್ಧಕ್ಕ ಬಂದೈತಿ. ಒಂದೀಟು ತಡೀತಿಯೇನು?" ಅನ್ನುತ್ತಿದ್ದ. ನಾನು ಅವನನ್ನು ಬೈದು ಅಟ್ಟಿದೆ. ನನ್ನ ಎದೆ ಸುಡುತ್ತಿದ್ದರೆ ಇವರಿಗೆ ಪೈಪಿನ ಚಿಂತೆ. ಅವನು ಹೋಗುವಾಗಲೂ ಟವೆಲಿನಲ್ಲಿ ಹಿಂದಿನ ದೀಪ ಒರೆಸಿ ಹೋದ.

ಒಂದು ಮಧ್ಯಾಹ್ನ ಇನ್ನು ತಡೆಯಲಾರೆ ಅನ್ನಿಸಿತು. ಹೇಳಿಯೇ ಬಿಡುತ್ತೇನೆ ಎಂದು ಎದ್ದೆ. ದಾರಿಯುದ್ದಕ್ಕೂ ಆ ಮಾತನ್ನು ಬಾಯೊಳಗೆ ಹೊರಳಿಸುತ್ತ ಹೋದೆ. 'ಸೂಜಿ ಚುಚ್ಚಿಟ್ಟು ಬಂದ್ಯಲ್ಲ, ನನ್ನವ್ವ ಹೋಗೋ ಹೊತ್ತಿಗೆ ಸೂಜಿ ಚುಚ್ಚಿಟ್ಟು ಬಂದ್ಯಲ್ಲ.'

ಓಣಿಯ ಬಾಯಿಗೆ ಬಂದಾಗ ಕಾಲು ನಿಂತವು. ನಾನು ಹುಟ್ಟಿ ಬೆಳೆದ ಜಾಗ ನನಗೆ ಗುರುತು ಸಿಗಲಿಲ್ಲ. ಯಾವತ್ತೂ ಬಿಸಿಲು ಬೀಳದ ನೆಲದ ಮೇಲೆ ಬಿಸಿಲು ಬಿದ್ದಿತ್ತು. ಎರಡು ಟ್ರ್ಯಾಕ್ಟರ್ ಅಕ್ಕಪಕ್ಕ ಹೋಗುವಷ್ಟು ಅಗಲ. ನಡುವೆ ಉದ್ದಕ್ಕೂ ಕಂದಕ, ಕಂದಕದೊಳಗೆ ಎದೆಮಟ್ಟ ನಿಂತು ಪೈಪು ಜೋಡಿಸುವ ಆಳುಗಳು. ಎದುರಿನಿಂದ ನಾಲ್ವರು ಹಗ್ಗದ ಹೊರಸು ಹೊತ್ತು ಬಂದರು. ಯಾರೋ ಸತ್ತರು ಎಂದು ಪಕ್ಕಕ್ಕೆ ಸರಿದೆ. ಹೊರಸಿನ ಮೇಲೆ ಚಿಂಚಲೆವ್ವ ಕಾಲು ಚಾಚಿ ಕೂತಿದ್ದಳು, ಬಾಯ್ತುಂಬ ಎಲೆ ಅಡಿಕೆ.

"ಯಾರ, ಗವಿಸಿದ್ದನಾ? ಏನಪಾ ಇಷ್ಟ ಎತ್ತರ ಬೆಳದೀ! ನಾ ಬಜಾರ ನೋಡಾಕ ಹೊಂಟೀನಿ. ಇವರು ಹೇಳ್ತಾರ, ಬಜಾರ ಇಲ್ಲೇ ತಿರುವಿನ್ಯಾಗ ಐತಂತ. ಇಷ್ಟ ಹತ್ರ ಇತ್ತಾ ಅದು?"

ನನ್ನ ಬಾಯಲ್ಲಿದ್ದ ಮಾತು ಬಾಯಲ್ಲೇ ಉಳಿಯಿತು. ಹೊರಸು ಹೊತ್ತವರು ನನ್ನ ಮುಖ ನೋಡಲಾರದೆ ಬೇಗ ಬೇಗ ದಾಟಿದರು. ನಾನು ಕಂದಕದ ಅಂಚು ಹಿಡಿದು ಮುಂದೆ ನಡೆದೆ. ನನ್ನ ಮನೆ ದೂರ ಹೋಗಿ ನಿಂತಿತ್ತು. ಹಿತ್ತಲಿನ ನುಗ್ಗೆಮರವನ್ನು ಬೆನ್ನಿನಿಂದ ನೂಕಿ ಬೀಳಿಸಿತ್ತು. ಮುಂದೆ ನೆಲದ ಮೇಲೆ, ಸಾರಿಸಿದ ಅಂಗಳದಲ್ಲಿ ಭಾರದ ಪೆಟ್ಟಿಗೆ ಎಳೆದರೆ ಮೂಡುವಂಥ ಗೀರುಗಳು, ನನ್ನ ಮನೆ ಹಿಂದೆ ಹೋದ ಗೀರುಗಳು. ಅವು ಓಣಿಯ ಅಗಲಕ್ಕೂ ಇದ್ದವು. ಎಷ್ಟು ಉದ್ದ ಎಂದು ಅವುಗಳನ್ನೇ ನೋಡುತ್ತ ಅಡ್ಡ ನಡೆದೆ. ಕಂದಕದ ಮೇಲೆ ಹಾಸಿದ ಹಲಗೆ ದಾಟಿದೆ. ಗೀರುಗಳು ಆಚೆಗೂ ಇದ್ದವು. ತುಳಜವ್ವನ ಗೋಡೆ ಇನ್ನೊಂದು ಮೊಳ ಇದೆ ಅನ್ನುವಾಗ ಮುಗಿದವು.

ಮುಂದೆ ಗೀರಿರಲಿಲ್ಲ.

ನಾನು ಕುಕ್ಕರಗಾಲಿನಲ್ಲಿ ಕೂತೆ. ತುಳಜವ್ವನ ಗೋಡೆಯ ಬುಡದಲ್ಲಿ ಹಸಿರು ಪಾಚಿ ಹಾಗೇ ಇತ್ತು, ಎಲ್ಲೂ ಹರಿದಿರಲಿಲ್ಲ. ಬುಡದ ಬಿರುಕಿನಿಂದ ಇರುವೆಗಳ ಸಾಲು ಮೊದಲಿನಂತೆಯೇ ಹೊರಟು ಮೊದಲಿನ ಕಡೆಗೇ ಹೋಗುತ್ತಿತ್ತು. ಅವಳು ಕಿಟಕಿಯಿಂದ ಚೆಲ್ಲುವ ಅರಿಶಿನ ನೀರಿನ ಕಲೆ ಗೋಡೆಯಿಂದ ನೆಲಕ್ಕೆ ಒಂದೇ ಎಳೆಯಾಗಿ ಇಳಿದಿತ್ತು. ಅವಳ ಮನೆ ಕೂದಲೆಳೆಯಷ್ಟೂ ಹಿಂದೆ ಸರಿದಿರಲಿಲ್ಲ. ಊರ ಮುಂದೆ ನಿಂತು ಅಷ್ಟು ಆಡಿದವಳ ಮನೆ ನಿಂತಲ್ಲೇ ನಿಂತಿತ್ತು. ಸರಿದದ್ದು ಅಷ್ಟೂ ನನ್ನದು.

ಎಲ್ಲರೂ ಅಗಲ ನೋಡಿದ್ದರು. ಯಾವ ಗೋಡೆ ಸರಿಯಿತು ಎಂದು ಯಾರೂ ನೋಡಿರಲಿಲ್ಲ. ಒಬ್ಬರನ್ನು ಬಿಟ್ಟು. ತಲೆಯೆತ್ತಿದರೆ ಮೃದುಲಾ ಮೇಡಂ ನಿಂತಿದ್ದರು, ತಲೆಗೆ ಹಳದಿ ಟೊಪ್ಪಿಗೆ, ಮೊಣಕಾಲಿನವರೆಗೆ ಕೆಸರು.

"ನಿಮಗ ಗೊತ್ತಿತ್ತು" ಅಂದೆ.

ಅವರು ಸುಳ್ಳು ಹೇಳಲಿಲ್ಲ. "ಬಂದ ತಿಂಗಳೇ ಗೊತ್ತಾಗಿತ್ತು. ಎರಡೂ ಗೋಡೆ ಸರಿಯಲೇಬೇಕು ಅಂತೇನಿಲ್ಲ. ಕೇಳಿದವರು ನಂಬಿದರೆ ಸಾಕು, ಅವರೊಬ್ಬರ ಮನೆ ಸರಿಯುತ್ತೆ. ಚಹಾ ಕುಡಿಯುವಾಗ ಸುಮ್ಮನೆ ಈ ಮಾತು ತುಳಜವ್ವನ ಹತ್ತಿರ ಬಂತು. ಅವರು ತುಂಬ ಹೊತ್ತು ಸೂಜಿಗೆ ದಾರ ಪೋಣಿಸುತ್ತ ಕೂತಿದ್ದರು. ಆಮೇಲೆ, ಹಂಗಾದ್ರ ಸುಳ್ಳೂ ನಡೀತೈತಿ ಅನ್ನು, ಅಂದರು. ಏನು ಆಡ್ತಾರೆ ಅಂತ ನನಗೆ ಗೊತ್ತಿರಲಿಲ್ಲ ಗವಿಸಿದ್ದ. ಆಡ್ತಾರೆ ಅಂತ ಮಾತ್ರ ಗೊತ್ತಿತ್ತು."

"ಕೇಳದೆ ಒಂದು ಗೆರೀನೂ ಎಳೆಯೂದಿಲ್ಲ ಅಂದಿದ್ರಿ."

"ನಿನ್ನನ್ನ ಕೇಳಿದ್ದರೆ ಆಗುತ್ತಲೇ ಇರಲಿಲ್ಲ." ಅವರ ದನಿ ಇಳಿಯಿತು. "ರಾಜ್ಯದಲ್ಲಿ ಎಷ್ಟೋ ಊರು ಮಾಡಿದ್ದೀನಿ. ಕೇಳದೆ ಎಳೆದ ಗೆರೆ ಇದೊಂದೇ."

ನಾನು ನೆಲದ ಮೇಲೆ ಕೈಯೂರಿದೆ. ಸುಳ್ಳು. ನಾಯಿ ಸುಳ್ಳು, ಹುಣಸೆಹಣ್ಣು ಸುಳ್ಳು, ಕಚ್ಚಿಕೊಂಡ ನಾಲಿಗೆ ಸುಳ್ಳು. ರೊಟ್ಟಿ ನಿಜ. ನಗು ಬಂತೋ ಅಳು ಬಂತೋ ತಿಳಿಯದು, ಗಂಟಲಿನಿಂದ ಏನೋ ಹೊರಟಿತು.

ಅದರ ಜೊತೆಗೇ ಹಿಂದಿನಿಂದ ಆ ಸದ್ದು ಹೊರಟಿತು. ಕಣಜ ಎಳೆಯುವ ಸದ್ದು. ನನ್ನ ಮನೆ ವಾಪಸು ಬರುತ್ತಿತ್ತು.

ಕಂದಕದ ಆಚೆ ಅಂಚಿನ ಮಣ್ಣು ದೊಪ್ಪನೆ ಒಳಗೆ ಬಿತ್ತು. "ಏ! ಮನಿ ಬರಾಕತ್ತೈತಿ! ಮ್ಯಾಲ ಏರ್ರಿ!" ಎಂದು ಒಳಗಿನಿಂದ ಕೂಗು. ಒಬ್ಬ ಪೈಪು ತಬ್ಬಿಕೊಂಡೇ ಮೇಲೆ ನೋಡಿದ. ಅವನ ಕಾಲ ಮೇಲೆ ಮಣ್ಣು ಕುಸಿದು ಕೂತಿತ್ತು, ಎಳೆದರೆ ಬರುತ್ತಿರಲಿಲ್ಲ. ಮೇಡಂ ಕಂದಕಕ್ಕೆ ಹಾರಿ ಅವನ ರಟ್ಟೆ ಹಿಡಿದರು. ಓಣಿಯ ಬಾಯಲ್ಲಿ ಹೊರಸು ಹೊತ್ತವರು ನಿಂತು ತಿರುಗಿ ನೋಡಿದರು. ಚಿಂಚಲೆವ್ವ ಎಲೆ ಅಗಿಯುವುದನ್ನು ನಿಲ್ಲಿಸಿದಳು.

ನಾನು ನನ್ನ ಮನೆಯ ಕಡೆ ತಿರುಗಿ, "ನಿಂದ್ರು!" ಎಂದು ಕಿರುಚಿದೆ. ಮನೆ ಕಿರುಚಿದರೆ ಕೇಳುತ್ತದೆಯೇ? ಅದು ಮಾಲೀಕನನ್ನು ಕಂಡ ಎಮ್ಮೆಯಂತೆ ಬರುತ್ತಲೇ ಇತ್ತು.

ಆಗ ತುಳಜವ್ವನ ಕಿಟಕಿ ತೆರೆಯಿತು. ಅವಳು ಮಣ್ಣು ನೋಡಲಿಲ್ಲ, ಕಂದಕ ನೋಡಲಿಲ್ಲ. ನಾನು ಅವಳ ಗೋಡೆಯ ಬುಡದಲ್ಲಿ ಕೈಯೂರಿ ಕೂತದ್ದನ್ನು ನೋಡಿದಳು. ನನಗೆ ತಿಳಿದುಹೋಯಿತು ಎಂದು ಅವಳಿಗೆ ತಿಳಿಯಿತು. ಈ ದಿನಗಳಲ್ಲಿ ಅವಳು ಅರ್ಧಕ್ಕರ್ಧ ಇಳಿದುಹೋಗಿದ್ದಳು. ಒಳಗೆ ತಿರುಗಿ, ಮತ್ತೆ ಬಂದಳು. ಕೈಯಲ್ಲಿ ರೊಟ್ಟಿ ಇತ್ತು, ಮೇಲೆ ಹಿಂಡಿ.

"ಉಂಡಿಯೇನೋ ಗವಿಯಾ?" ಅಂದಳು. ಊರ ಮುಂದೆ ನಿಂತಾಗ ಒಂಚೂರೂ ನಡುಗದ ದನಿ ಈಗ ನಡುಗಿತು. "ಉಣಲಾರದ ಹೆಂಗಾಗಿ ನೋಡು. ಬಾ. ಬೈತಿದ್ರ ಬೈ, ಆಮ್ಯಾಲ ಉಣ್ಣು. ಬಾರೋ ಯಪ್ಪಾ."

ಕೈ ಚಾಚಿದ್ದಳು. ಎದ್ದು ನಿಂತರೆ ಸಿಗುತ್ತಿತ್ತು.

ನಾನು ಎದ್ದು ನಿಂತೆ. ಅವಳ ಮುಖ ನೋಡಿದೆ. ಎಷ್ಟು ದಿನ? ಎಷ್ಟು ದಿನ ನಾನು ಬಾವಿಕಟ್ಟೆಯ ಮೇಲೆ ನಾಯಿಯಂತೆ ಬಿದ್ದಿದ್ದೆ? ಇವಳಿಗೆ ಗೊತ್ತಿತ್ತು. ನಾನು ಯಾವುದನ್ನು ನಂಬುತ್ತೇನೆ, ಎಲ್ಲಿ ಚುಚ್ಚಿದರೆ ಎಷ್ಟು ದೂರ ಹೋಗುತ್ತೇನೆ ಎಂದು ಇವಳಿಗೆ ಅಂಗುಲ ಅಂಗುಲ ಗೊತ್ತಿತ್ತು. ಮೇಡಂಗೆ, ಇವಳು ಆಡುತ್ತಾಳೆ ಎಂದು ಗೊತ್ತಿತ್ತು. ಕುರುಡು ಪಂಪಣ್ಣನನ್ನು ಕೇಳಿದರು. ಯಾವ ಗೋಡೆ ಸುಡುತ್ತದೆ ಎಂದು ಅವನ ಕೈ ಹಿಡಿದು ಕೇಳಿದರು. ನನ್ನನ್ನು ಕೇಳಲಿಲ್ಲ. ನನ್ನ ಸತ್ತ ಅವ್ವನನ್ನು ಎತ್ತಿ ತಂದು ಊರ ಚಪ್ಪರದಡಿ ಇಟ್ಟರು, ಒಂದು ಪೈಪಿಗೆ. ಒಳ್ಳೆಯದಕ್ಕೇ ಮಾಡಿದರು. ಚಿಂಚಲೆವ್ವ ಬಜಾರ ನೋಡುತ್ತಾಳೆ. ಹೆಣಗಳು ನೆಲದ ಮೇಲೆ ಹೋಗುತ್ತವೆ. ಎಲ್ಲ ಸರಿ. ಆದರೂ ನನ್ನ ಎದೆ ನನ್ನದು, ಅದರ ಮೇಲೆ ಗೆರೆ ಎಳೆದವರು ಇವರು.

ಸಿಟ್ಟು ಬಂತು. ಇಷ್ಟು ದಿನ ಎಲ್ಲಿ ಹೋಗಿತ್ತೋ, ಕಾಲಿನ ಹೆಬ್ಬೆರಳಿನಿಂದ ಎದ್ದು ಬಂತು. ಅದಕ್ಕೆ ನಾಟಕ ಬೇಕಿರಲಿಲ್ಲ. ಆ ಸೂಜಿಯ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಆಡಿದರೆ ಅವಳು ಅಳುತ್ತಾಳೆ, ನಾನು ಅಳುತ್ತೇನೆ, ಒಂದೇ ಪಾತ್ರೆಯ ಚಹಾ ಕುಡಿಯುತ್ತೇವೆ, ಸಿಟ್ಟು ಮುಗಿಯುತ್ತದೆ, ನನ್ನ ಮನೆ ಕಂದಕದ ಮೇಲೆ ಬಂದು ಕೂರುತ್ತದೆ.

"ಗವಿಯಾ, ಏನರ ಅನ್ನೋ" ಅಂದಳು.

ನಾನು ಆ ಮಾತನ್ನು ನುಂಗಿದೆ. ಚಾಚಿದ ಕೈಗೆ ಬೆನ್ನು ತಿರುಗಿಸಿದೆ. ಹಲಗೆ ದಾಟಿದೆ, ಮಣ್ಣಿನೊಳಗಿನಿಂದ ಆ ಮನುಷ್ಯನ ಕಾಲು ಎಳೆಯುತ್ತಿದ್ದವರನ್ನು ದಾಟಿದೆ, ಹೊರಸನ್ನು ದಾಟಿದೆ. ಹಿಂದೆ ಕಣಜದ ಸದ್ದು ಒಮ್ಮೆ ನರಳಿ ನಿಂತಿತು. ಅವಳು ಇನ್ನೊಮ್ಮೆ ಕರೆದಳು. ನಾನು ತಿರುವಿನವರೆಗೂ ನಡೆದೆ, ಅಲ್ಲಿಂದ ಬಜಾರಕ್ಕೆ ಇಳಿದೆ.